ಹಿಮಖಂಡಗಳ ವಾಯುರೇಣುಗಳು

ವಾಯುವು ರೂಪರಹಿತವೆಂದೂ ಸ್ಪರ್ಶದಿಂದಲೇ ಅರಿಯತಕ್ಕುದೆಂದೂ ನಮ್ಮ ತಾರ್ಕಿಕರ ಮತ. ಗವಾಕ್ಷದಿಂದಿಳಿಯುವ ಬಿಸಿಲಿನಲ್ಲಿ ಹೊಳೆಯುವ ಕಣವನ್ನು ನಮ್ಮ ಹಿರಿಯರು ತ್ರಸರೇಣುವೆಂದು ಕರೆದರು. ಆ ರೇಣುವು ಯಾವ ದ್ರವ್ಯದಿಂದಾದುದು, ಎಲ್ಲಿಂದ ಬಂದುದು ಎಂಬ ವಿಚಾರವು ರಸಾಯನಶಾಸ್ತ್ರಕ್ಕೆ ಸೇರಿದುದು.

ಬೆಂಗಳೂರಿನ ಉತ್ತರಭಾಗಕ್ಕೂ ವಾಯುವಿನ ಶೋಧನೆಗೂ ಹಳೆಯ ನಂಟುಂಟು. ಯಶವಂತಪುರದ ಸಮೀಪದಲ್ಲಿ ಮೈಸೂರು ಸಂಸ್ಥಾನವಿತ್ತ ಭೂಮಿಯಲ್ಲಿ ನೆಲೆಗೊಂಡು, 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲನೆಯ ನಿರ್ದೇಶಕರಾದವರು ಮಾರಿಸ್ ಟ್ರಾವರ್ಸ್ ಅವರು. 1898ರಲ್ಲಿ ಇವರು ರಾಮ್‌ಸೇ ಅವರೊಡಗೂಡಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಅನಿಲಗಳನ್ನು ವಾಯುವಿನಿಂದ ಬೇರ್ಪಡಿಸಿದ್ದರು. ಅದೇ ಸಂಸ್ಥೆಯಲ್ಲಿ ವ್ಯಾಸಂಗಮಾಡಿದ ವೀರಭದ್ರನ್ ರಾಮನಾಥನ್ ಅವರು, 1999ರಲ್ಲಿ ಪಾಲ್ ಕ್ರುಟ್ಜೆನ್ ಅವರೊಡನೆ, ಹಿಂದೂ ಮಹಾಸಾಗರದ ಮೇಲಣ ವಾಯುವನ್ನು ಪರೀಕ್ಷಿಸಿದ ಬಹುರಾಷ್ಟ್ರೀಯ ಯತ್ನಕ್ಕೆ ಮುಂದಾಳಾದರು. ಗಂಧಕದ ಲವಣ, ಮಸಿ, ಹಾರುಬೂದಿಗಳು ಕೂಡಿದ ಕಂದುಮುಸುಕು ದಕ್ಷಿಣ ಏಷ್ಯದಿಂದ ಕಡಲಿನ ಮೇಲೆ ಬಹುದೂರ ಹಬ್ಬಿದುದು ಆಗ ಕಂಡುಬಂದಿತು.

ಹಾಗಾದರೆ ಮನುಷ್ಯನ ಹೊಗೆಯು ಧ್ರುವಗಳನ್ನೂ ಮುಟ್ಟುವುದೆ? ಭಾರತವು ದಕ್ಷಿಣ ಹಿಮಖಂಡದಲ್ಲಿ 1989ರಲ್ಲಿ ಮೈತ್ರಿಯನ್ನೂ 2012ರಲ್ಲಿ ಭಾರತಿಯನ್ನೂ, ಉತ್ತರದ ಸ್ವಾಲ್ಬಾರ್ಡಿನಲ್ಲಿ 2008ರಲ್ಲಿ ಹಿಮಾದ್ರಿಯನ್ನೂ ಸ್ಥಾಪಿಸಿತು. ಬೆಂಗಳೂರಿನ ಉತ್ತರಭಾಗದ ಅಂತರಿಕ್ಷ ಭವನವನ್ನು ಕೇಂದ್ರಸ್ಥಾನವನ್ನಾಗಿ ಉಳ್ಳ ಇಸ್ರೋ ಸಂಸ್ಥೆಯ ತಿರುವನಂತಪುರದ ಪ್ರಯೋಗಶಾಲೆಯವರು ಎರಡು ಧ್ರುವಪ್ರದೇಶಗಳಲ್ಲಿಯೂ ಮಸಿಯ ಕಣಗಳನ್ನು ಅಳೆದರು.

ಇಂತಹ ಪರೀಕ್ಷೆಯ ಕ್ರಮವು ಹೀಗೆ: ಗೊತ್ತಾದ ಪ್ರಮಾಣದ ವಾಯುವನ್ನು ಸೂಕ್ಷ್ಮವಾದ ಶೋಧನಪಟದ ಮೂಲಕ ಸೆಳೆದು, ಅದರಲ್ಲಿ ನಿಂತ ಲವಣಗಳನ್ನು ನೀರಿನಲ್ಲಿ ಕರಗಿಸಿ ವಿಂಗಡಿಸುವರು. ಪಟವು ತಡೆದ ಬೆಳಕಿನಿಂದ ಮಸಿಯನ್ನು ಗಣಿಸುವರು. ನೆಲೆಯ ಎಂಜಿನ್ನಿನ ಹೊಗೆಯೇ ಬೆರೆತರೆ ಫಲವು ಕೆಡುವುದರಿಂದ, ಯಂತ್ರವನ್ನು ಗಾಳಿ ಬೀಸಿಬರುವ ಕಡೆಯಲ್ಲಿಡಬೇಕು.

ದಕ್ಷಿಣದ ಕರಾವಳಿಯ ವಾಯುವಿನಲ್ಲಿ ಸಮುದ್ರದ ಉಪ್ಪೂ, ಕಡಲಿನ ಸೂಕ್ಷ್ಮಸಸ್ಯಗಳಿಂದ ಹೊರಟ ಗಂಧಕಾನಿಲವು ಮಾರ್ಪಟ್ಟು ಆದ ಕಣಗಳೂ ಪ್ರಧಾನವಾದುವು, ಮಸಿ ಅತ್ಯಲ್ಪ. ಉತ್ತರದಲ್ಲಾದರೋ, ಚಳಿಗಾಲದ ಕೊನೆಯಲ್ಲಿಯೂ ವಸಂತದಲ್ಲಿಯೂ, ಯೂರೋಪು ಏಷ್ಯಗಳ ಕಾರ್ಖಾನೆಗಳಿಂದ ಬಂದ ಗಂಧಕಲವಣವೂ ಮಸಿಯೂ ಮಂಜಿನಂತೆ ಕವಿಯುವುವು. ಕಾರಣವು ಸ್ಪಷ್ಟ. ದಕ್ಷಿಣಧ್ರುವದ ಭೂಮಿಯನ್ನು ಸಮುದ್ರವು ಸುತ್ತುವರಿದಿದೆ. ಉತ್ತರಧ್ರುವದ ಸಮುದ್ರವನ್ನು ಜನವಸತಿಯುಳ್ಳ ಭೂಮಿಯು ಸುತ್ತುವರಿದಿದೆ.

ಹಿಮದ ಮೇಲೆ ಬಿದ್ದ ಮಸಿಯು ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುವುದು. ಒಲೆಯ ಹೊಗೆ ಮಾಡಿನಾಚೆಗೆ ಹೋದೊಡನೆ ಇಲ್ಲವಾಯಿತೆಂದು ತಿಳಿಯುವುದು ಲೋಕರೂಢಿ. ಜನರಿಲ್ಲದ ನಾಡಿನಲ್ಲಿ ಸಿಕ್ಕಿದ ಮಸಿಯ ಕಣವು ಆ ರೂಢಿಗೆ ಪ್ರತ್ಯಕ್ಷವಾದ ಬಾಧಕವಾಗಿದೆ.