ಹರಿಹರ ಪಾಲಿಫೈಬರ್ಸ್ ವಿರೋಧಿ ಹೋರಾಟ

ತುಂಗಭದ್ರೆಗೆ ಕಾರ್ಖಾನೆಯ ಕೊಳಕು ನೀರು ಸೇರುವುದನ್ನೂ ಅದೇ ಕಾರ್ಖಾನೆಗಾಗಿ ಹಳ್ಳಿಗಳ ಗೋಮಾಳದಲ್ಲಿ ನೀಲಗಿರಿ ಬೆಳೆಸುವುದನ್ನೂ ವಿರೋಧಿಸಿ 1980ರ ದಶಕದಲ್ಲಿ ಹರಿಹರ–ರಾಣೆಬೆನ್ನೂರು ಸೀಮೆಯಿಂದ ಹೊರಟ ಜನಚಳವಳಿ. ಕಂಪನಿಯೊಂದರ ತಪ್ಪಿಗೆ ಕಾನೂನು ತಡವರಿಸಿದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಕರ್ನಾಟಕದಲ್ಲಿ ಮೊದಲು ಎತ್ತಿಕೊಳ್ಳಬೇಕಾದ ಉದಾಹರಣೆ ಇದು.

ಹೆಸರಿನಲ್ಲೇ ಒಂದು ತೊಡಕಿದೆ. ಹರಿಹರ ಪಾಲಿಫೈಬರ್ಸ್ ಹರಿಹರದಲ್ಲಿಲ್ಲ. ಹೊಳೆ ದಾಟಿದರೆ ಸಿಗುವ ಕುಮಾರಪಟ್ಟಣದಲ್ಲಿದೆ, ಅಂದರೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಈ ಹೊಳೆ ಹಿಂದೆ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ಗಡಿಯಾಗಿತ್ತು. ಹೋರಾಟದ ಕಾಲಕ್ಕೆ ಚಿತ್ರದುರ್ಗ–ಧಾರವಾಡ ಜಿಲ್ಲೆಗಳ ಗಡಿಯಾಗಿತ್ತು, 1997ರಿಂದ ದಾವಣಗೆರೆ–ಹಾವೇರಿ ಗಡಿ. ಸಂತೆ, ರೈಲು, ಹೋಟೆಲು, ಬಾಡಿಗೆ ಮನೆ ಎಲ್ಲಕ್ಕೂ ಕಾರ್ಖಾನೆಯ ಜನ ಬರುವುದು ಹರಿಹರಕ್ಕೆ. ಅರ್ಜಿ ಕೊಡಬೇಕಾದ ಕಚೇರಿ ಮಾತ್ರ ಆಚೆ ದಂಡೆಯ ಜಿಲ್ಲೆಯದು.

ಬಿರ್ಲಾ ಮನೆತನದ ಗ್ರಾಸಿಂ ಸಂಸ್ಥೆ ಈ ಕಾರ್ಖಾನೆಯನ್ನು ತೆರೆದದ್ದು 1970ರ ದಶಕದ ಆರಂಭದಲ್ಲಿ. ಮರವನ್ನು ಚೂರು ಮಾಡಿ, ರಾಸಾಯನಿಕ ಹಾಕಿ ಡೈಜೆಸ್ಟರಿನಲ್ಲಿ ಬೇಯಿಸಿ ತಿರುಳು ತೆಗೆಯುವುದು ಇಲ್ಲಿನ ಕೆಲಸ. ಆ ತಿರುಳಿನಿಂದ ವಿಸ್ಕೋಸ್ ನೂಲಿನ ಎಳೆ ಆಗುತ್ತದೆ. ಬೆಂದ ಮರದ ಲಿಗ್ನಿನ್ ನೀರಿಗೆ ಇಳಿದರೆ ಚಹಾದ ಡಿಕಾಕ್ಷನ್ನಿನ ಬಣ್ಣ ಬರುತ್ತದೆ. ಗಂಧಕದ ಸಂಯುಕ್ತಗಳಿಂದ ಕೊಳೆತ ಮೊಟ್ಟೆಯ ವಾಸನೆ. ಕುಮಾರಪಟ್ಟಣ ಬಂತೆಂದು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತವರಿಗೂ ತಿಳಿಯುತ್ತಿತ್ತು. ಮಳೆಗಾಲದಲ್ಲಿ ತುಂಬು ಹೊಳೆ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ಸಣ್ಣಗಾಗಿ ಅಲ್ಲಲ್ಲಿ ಮಡು ನಿಂತಾಗಲೇ ಕಷ್ಟ. ಕೊಳೆ ನೀರಿನ ಆಮ್ಲಜನಕವನ್ನು ಹೀರಿಕೊಂಡು ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಕೆಳದಂಡೆಯ ಹಳ್ಳಿಗಳಲ್ಲಿ ಬಲೆ ಬೀಸಿ ಬದುಕುವವರಿಗೆ ಇದು ಪರಿಸರದ ಪ್ರಶ್ನೆ ಆಗುವ ಮೊದಲೇ ಹೊಟ್ಟೆಯ ಪ್ರಶ್ನೆಯಾಗಿತ್ತು.

ಹೋರಾಟಕ್ಕೆ ಸಂಘಟನೆಯ ರೂಪ ಬಂದದ್ದು ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಸಮಾಜ ಪರಿವರ್ತನ ಸಮುದಾಯದಿಂದ. ಹಿರೇಮಠರು ಅಮೆರಿಕದ ಕೆಲಸ ಬಿಟ್ಟು ಬಂದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಸುತ್ತ ಗ್ರಾಮಾಭಿವೃದ್ಧಿಗೆ ನಿಂತವರು. 1984ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕಾರ್ಖಾನೆಯ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. 1985ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅದರಲ್ಲಿ ಕಟಕಟೆಗೆ ಎಳೆದದ್ದು ಮಾಲಿನ್ಯ ತಡೆಯಬೇಕಾಗಿದ್ದ ಮಂಡಳಿಯನ್ನೇ. ಚಳವಳಿಯ ಜಾಣ್ಮೆ ಇರುವುದು ಇಲ್ಲಿ.

ಅಷ್ಟರಲ್ಲಿ ಇನ್ನೊಂದು ಬೆಂಕಿ ಹತ್ತಿತ್ತು. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಹುಟ್ಟುಹಾಕಿತು. ಸರ್ಕಾರದ ಪಾಲು ಶೇ. 51, ಕಂಪನಿಯದು ಶೇ. 49. ಸುಮಾರು 30,000 ಹೆಕ್ಟೇರ್ 'ಸಿ ಅಂಡ್ ಡಿ' ವರ್ಗದ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಉದ್ದೇಶ. ಕಾಗದದ ಮೇಲೆ ಅದು ಪಾಳು. ಹಳ್ಳಿಯವರಿಗೆ ದನ ಮೇಯುವ, ಸೌದೆ ಆರಿಸುವ ನೆಲ. ಸಾಹಿತಿ ಕೆ. ಶಿವರಾಮ ಕಾರಂತರನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ಮಾರ್ಚಿನಲ್ಲಿ ಹೊಸ ಜಮೀನು ಹಸ್ತಾಂತರಕ್ಕೆ ತಡೆ ಬಂತು. ಅದೇ ವರ್ಷದ ನವೆಂಬರ್ 14ರಂದು ಕೂಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿ ನೀಲಗಿರಿ ಸಸಿ ಕಿತ್ತು ಹಣ್ಣಿನ, ಮೇವಿನ ಗಿಡ ನೆಟ್ಟರು. ಇದಕ್ಕೆ ಕೊಟ್ಟ ಹೆಸರು ಕಿತ್ತಿಕೋ–ಹಚ್ಚಿಕೋ. ನೆಡುವುದಕ್ಕೆ 'ಹಚ್ಚು' ಎನ್ನುವುದು ಧಾರವಾಡದ ಕಡೆಯ ಮಾತು. ಮರ ಅಪ್ಪಿ ಉಳಿಸುವ ಶಿರಸಿಯ ಅಪ್ಪಿಕೋ ಚಳವಳಿಯ ಹೆಸರು ಕಿವಿಗೆ ಬಿದ್ದ ಮೇಲೆ ಈ ಪ್ರಾಸ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನದಿಯ ವಿಷಯದಲ್ಲಿ ಎಲ್ಲರ ದನಿ ಒಂದೇ ಆಗುವುದು ಸಾಧ್ಯವಿರಲಿಲ್ಲ. ಅದೇ ಕಾರ್ಖಾನೆ ಸಾವಿರಾರು ಮನೆಗಳ ಅನ್ನ. ಹೋಲಿಕೆಗೆ ಕೇರಳದ ಮಾವೂರು ಇದೆ. ಅದೇ ಸಂಸ್ಥೆಯ ತಿರುಳು ಕಾರ್ಖಾನೆ ಚಾಲಿಯಾರ್ ಹೊಳೆಯನ್ನು ಕೆಡಿಸಿತೆಂದು ಜನ ಎದ್ದರು, ಕಾರ್ಖಾನೆ 2001ರಲ್ಲಿ ಮುಚ್ಚಿತು, ಊರು ಕೆಲಸ ಕಳೆದುಕೊಂಡಿತು. ತನ್ನದೇ ಊರಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಕಂಡ ಹರಿಹರಕ್ಕೆ ಈ ಭಯ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಕಡೆಯಿಂದ ನೋಡಿದರೆ ಕಂಪನಿಗೆ ಶಿಕ್ಷೆ ಎಂಬುದೇ ಜಟಿಲ. 1974ರ ಜಲ ಕಾಯ್ದೆಯ ಮುಖ್ಯ ಅಪರಾಧಗಳಿಗೆ 1988ರ ತಿದ್ದುಪಡಿಯ ನಂತರ ಕನಿಷ್ಠ ಒಂದೂವರೆ ವರ್ಷ ಜೈಲು ಇತ್ತು. ಕಂಪನಿಯನ್ನು ಜೈಲಿಗೆ ಹಾಕುವುದು ಹೇಗೆ? ಕರ್ನಾಟಕದ ಮಹಾಜನ್ ಬೋರ್‌ವೆಲ್ ಪ್ರಕರಣದಲ್ಲಿ (1997) ಜೈಲು ಆಗದಿದ್ದರೆ ದಂಡವಾದರೂ ಹಾಕಬಹುದೆಂದು ಸುಪ್ರೀಂ ಕೋರ್ಟ್ ಹೇಳಿತು. 2003ರ ವೆಲ್ಲಿಯಪ್ಪ ಟೆಕ್ಸ್‌ಟೈಲ್ಸ್ ತೀರ್ಪು ಅದನ್ನು ಉಲ್ಟಾ ಮಾಡಿತು. 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದ ಐವರ ಪೀಠ ಮತ್ತೆ ಮೊದಲಿನ ದಾರಿಗೆ ತಂದಿತು, ಅದೂ ಮೂರಕ್ಕೆ ಎರಡರ ಬಹುಮತದಿಂದ.

ಹರಿಹರದ ಸೀಮೆಯಲ್ಲಿ ಕಲಿತ ಅರ್ಜಿಯ ವಿದ್ಯೆಯನ್ನು ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿ ಗಣಿಗಳ ಮೇಲೆ ಪ್ರಯೋಗಿಸಿತು. ಆ ಗಣಿಗಾರಿಕೆಗೆ ಸಂಬಂಧಿಸಿದ ಓಬಳಾಪುರಂ ಗಣಿ ಕಂಪನಿ ಪ್ರಕರಣದಲ್ಲಿ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ನ್ಯಾಯಾಲಯ ಮಾಜಿ ಸಚಿವ ಜನಾರ್ದನ ರೆಡ್ಡಿ ಮತ್ತಿತರರಿಗೆ ಏಳು ವರ್ಷ ಶಿಕ್ಷೆ ಕೊಟ್ಟಿತು. ಮರು ತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಅಮಾನತು ಖುಲಾಸೆಯಲ್ಲ. ಆದರೆ ಪಟಾಕಿ ಹೊಡೆಯುವವರೂ ನಿಟ್ಟುಸಿರು ಬಿಡುವವರೂ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಇಡುವುದು ಕಡಿಮೆ.

ಕರ್ನಾಟಕ ಪಲ್ಪ್‌ವುಡ್ ಅನ್ನು ಮುಚ್ಚಲು ಸರ್ಕಾರ 1991ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಕುಮಾರಪಟ್ಟಣದ ಕಾರ್ಖಾನೆ ಈಗಲೂ ನಡೆಯುತ್ತಿದೆ, ಹರಿಹರದ ಹೆಸರಿನಲ್ಲೇ.