ಡಿ. ಎನ್. ಎ. ದ್ವಿಗುಣನಕ್ಕೆ ಅನಿವಾರ್ಯವಾದ ವಂಶವಾಹಿಗಳು

ವಿಜಯವಾಡ-ವಿಶಾಖಪಟ್ಟಣಗಳ ನಡುವಣ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು 1929ರಲ್ಲಿ, ಹಾರ್ವರ್ಡಿನಲ್ಲಿ ಫಿಸ್ಕೆಯವರೊಡನೆ ಸ್ನಾಯುವಿನಿಂದ ಎ. ಟಿ. ಪಿ.ಯನ್ನು ಬೇರ್ಪಡಿಸಿದರು, ಜರ್ಮನಿಯ ಲೋಮನ್ನರೂ ಅದೇ ವರ್ಷ ಅದನ್ನು ಕಂಡುಕೊಂಡರು. ಅದರ ನಿಕಟ ಬಂಧುಗಳಾದ ನಾಲ್ಕು ತ್ರಿಫಾಸ್ಫೇಟುಗಳಿಂದಲೇ ಡಿ. ಎನ್. ಎ. ನಿರ್ಮಾಣವಾಗುವುದು. ಅವನ್ನು ಜೋಡಿಸುವ ಕಿಣ್ವವನ್ನು ಆರ್ಥರ್ ಕಾರ್ನ್‌ಬರ್ಗ್ ಅವರು 1956ರಲ್ಲಿ ಇ. ಕೊಲೈ ಎಂಬ ಏಕಾಣುಜೀವಿಯಿಂದ ತೆಗೆದು ತೋರಿಸಿದರು. 1959ರ ನೊಬೆಲ್ ಪಾರಿತೋಷಕವನ್ನು ಒಚೋವರೊಡನೆ ಹಂಚಿಕೊಂಡರು.

ಪ್ರನಾಳದಲ್ಲಿ ನಡೆದದ್ದೇ ಜೀವಕೋಶದಲ್ಲಿಯೂ ನಡೆಯುತ್ತದೆಂದು ಬಹುಮಂದಿ ನಂಬಿದರು. ನಂಬದವರಲ್ಲಿ ಜಾನ್ ಕೇರ್ನ್ಸ್ ಒಬ್ಬರು. ಆ ಕಿಣ್ವವಿಲ್ಲದ ತಳಿಯೊಂದು ಬದುಕಬಲ್ಲುದೆ? ಅವರ ಸಹಾಯಕಿ ಪೌಲಾ ಡಿ ಲೂಸಿಯ ಅವರು ರಾಸಾಯನಿಕದಿಂದ ವಿಕಾರಗೊಂಡ ಸಹಸ್ರಾರು ವಸಾಹತುಗಳನ್ನು ಒಂದೊಂದಾಗಿ ಬೆಳೆಸಿ, ಅರೆದು, ಅಳೆದರು. ಬೇಸರದ ಈ ದುಡಿಮೆಯ ಕಡೆಯಲ್ಲಿ, ಕಿಣ್ವದ ಶಕ್ತಿ ಶೇಕಡಾ 1ರಷ್ಟೂ ಉಳಿಯದ ತಳಿಯೊಂದು ದೊರೆಯಿತು. ಅದು ಎಂದಿನಂತೆಯೇ ಬೆಳೆಯುತ್ತಿದ್ದಿತು! ಅತಿನೇರಿಳೆ ಕಿರಣ ಬಿದ್ದರೆ ಮಾತ್ರ ಸುಲಭವಾಗಿ ಸಾಯುತ್ತಿದ್ದಿತು. 1969ರಲ್ಲಿ ಇದು ಪ್ರಕಟವಾಯಿತು. ಪೌಲಾ ಅವರ ನೆನಪು 'ಪೋಲ್ ಎ' ಎಂಬ ವಂಶವಾಹಿಯ ಹೆಸರಿನಲ್ಲಿದೆ.

ಹಾಗಾದರೆ ನಿಜವಾಗಿ ಅನಿವಾರ್ಯವಾದುವು ಯಾವುವು? ತೊಡಕು ಇಲ್ಲಿಯೇ: ಅನಿವಾರ್ಯವಾದುದು ಕೆಟ್ಟ ಜೀವಿ ಸತ್ತುಹೋಗುವುದರಿಂದ ಪರೀಕ್ಷೆಗೆ ಸಿಕ್ಕದು. ಇದಕ್ಕೆ ಉಷ್ಣತೆಯೇ ಉಪಾಯವಾಯಿತು. 30 ಡಿಗ್ರಿಯಲ್ಲಿ ಬದುಕಿ, 42 ಡಿಗ್ರಿಯಲ್ಲಿ ಡಿ. ಎನ್. ಎ. ರಚಿಸಲಾರದ ತಳಿಗಳನ್ನು ಪ್ಯಾರಿಸ್ಸಿನಲ್ಲಿ ಜೇಕಬ್, ಹಿರೋಟ ಮೊದಲಾದವರು ಆರಿಸಿದರು. 'ಡಿ. ಎನ್. ಎ.-ಎ' ಕೆಟ್ಟ ತಳಿ ಹಿಡಿದ ಸುತ್ತನ್ನು ಮುಗಿಸಿ ಹೊಸದನ್ನು ಆರಂಭಿಸಲಾರದು, 'ಡಿ. ಎನ್. ಎ.-ಇ' ಕೆಟ್ಟುದು ಆ ಕ್ಷಣವೇ ನಿಲ್ಲುವುದು. ಆದರೆ ಇವು ಬರಿಯ ಅಕ್ಷರಗಳು. ಅವುಗಳ ಹಿಂದಿನ ಪ್ರೋಟೀನು ಯಾವುದೆಂಬುದು ತಿಳಿದಿರಲಿಲ್ಲ.

1971ರಲ್ಲಿ ಗೆಫ್ಟರ್, ಹಿರೋಟ, ಥಾಮಸ್ ಕಾರ್ನ್‌ಬರ್ಗ್ ಮತ್ತಿತರರು ಉತ್ತರವಿತ್ತರು: 'ಡಿ. ಎನ್. ಎ.-ಇ' ಕೆಟ್ಟ ತಳಿಯಲ್ಲಿ ಮೂರನೆಯ ಪಾಲಿಮರೇಸ್ ಬಿಸಿಗೆ ನಿಷ್ಕ್ರಿಯವಾಗುತ್ತದೆ. ಕೋಶದ ಪ್ರಧಾನ ರಚನಾಕಿಣ್ವ ಅದೇ. ಈ ಥಾಮಸ್, ಸೆಲ್ಲೋ ವಾದ್ಯದ ವಿದ್ಯಾರ್ಥಿ. ಆರ್ಥರ್ ಅವರ ಮಗ. ತಂದೆಯ ಕಿಣ್ವದ ಪಟ್ಟವನ್ನು ಮತ್ತೊಂದಕ್ಕೆ ಕಟ್ಟಿದವರಲ್ಲಿ ಮಗನೇ ಒಬ್ಬನಾದನು.

ಹಿರಿಯರ ಕಿಣ್ವವನ್ನು ವ್ಯರ್ಥವೆಂದವರೂ ಆತುರಪಟ್ಟರೆಂದೇ ಹೇಳಬೇಕು. ಕೇರ್ನ್ಸರ ತಳಿಯಲ್ಲಿ ಆ ಕಿಣ್ವದ ಜೋಡಿಸುವ ಶಕ್ತಿ ಅಳಿದಿದ್ದರೂ ಕತ್ತರಿಸುವ ಶಕ್ತಿ ಉಳಿದಿದ್ದಿತು. 1984ರಲ್ಲಿ ಜಾಯ್ಸ್ ಮತ್ತು ಗ್ರಿಂಡ್ಲಿ ಅವರು 'ಪೋಲ್ ಎ'ಯನ್ನು ಪೂರ್ಣವಾಗಿ ತೆಗೆದುನೋಡಿದರು. ಬಡ ಆಹಾರದಲ್ಲಿ ಏಕಾಣುಜೀವಿ ನಿಧಾನವಾಗಿ ಬೆಳೆಯಿತು. ಸಮೃದ್ಧವಾದ ಆಹಾರದಲ್ಲಿ ಬೆಳೆಯದೆ ಹೋಯಿತು.