ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್: ಅಲ್ಲಿಯವರೆಗೆ ಎದೆ ಒತ್ತುವವರು ಯಾರು?

ನಾಲ್ಕು ವರ್ಷದ ಹಿಂದೆ ಹರಿಹರದ ಕಲ್ಯಾಣ ಮಂಟಪವೊಂದರಲ್ಲಿ ಮುಯ್ಯಿ ಕೊಡೋಕೆ ಸಾಲಲ್ಲಿ ನಿಂತಿದ್ದ ನಮ್ಮ ದೊಡ್ಡಪ್ಪ ಕುಸಿದುಬಿದ್ದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಕೈಗೆ ಕಬ್ಬಿಣದ ಕೀ ಕೊಟ್ಟರು. ನಾನು ಕಾರು ತರೋಕೆ ಓಡಿದೆ. ದಾವಣಗೆರೆ ಸುಮಾರು 14 ಕಿಲೋಮೀಟರ್. ದಾರಿಯುದ್ದಕ್ಕೂ ಅವರ ಅಂಗೈ ಉಜ್ಜಿದ್ದೇ ಉಜ್ಜಿದ್ದು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಒಂದೇ: "ಯಾರಾದ್ರೂ ಎದೆ ಒತ್ತಿದ್ರಾ?"

ಯಾರೂ ಒತ್ತಿರಲಿಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಪಂಪು, ವಾಲ್ವುಗಳ ಲೆಕ್ಕ ಮಾಡಿದ್ದ ನನಗೂ ಗೊತ್ತಿರಲಿಲ್ಲ. ದೊಡ್ಡಪ್ಪ ಉಳಿಯಲಿಲ್ಲ.

ಆಘಾತ ಬೇರೆ, ಸ್ತಂಭನ ಬೇರೆ

ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆಗ ಮನುಷ್ಯ ಎದೆ ಹಿಡಿದುಕೊಂಡು ಮಾತಾಡುತ್ತಿರಬಹುದು. ಹೃದಯ ಸ್ತಂಭನ ಅಂದರೆ ಪಂಪೇ ನಿಲ್ಲುವುದು. ಸಿಪಿಆರ್ ಬೇಕಿರುವುದು ಇಲ್ಲಿ. ಅದು ಕೈಪಂಪಿನ ಕೆಲಸ: ಹೃದಯ ಮತ್ತೆ ಚಾಲೂ ಆಗುವವರೆಗೆ ಮಿದುಳಿಗೆ ರಕ್ತ ತಳ್ಳುತ್ತಿರುವುದು. ಏನೂ ಮಾಡದೆ ಹೋದರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಮಾಡುವುದು ಹೇಗೆ?

1. ಜಾಗ ಸುರಕ್ಷಿತವಾ ನೋಡಿ. ಭುಜ ತಟ್ಟಿ ಜೋರಾಗಿ ಕರೆಯಿರಿ. ಪ್ರತಿಕ್ರಿಯೆ ಇಲ್ಲ, ಉಸಿರಾಟವೂ ಸಹಜವಾಗಿಲ್ಲ ಅಂದರೆ ಶುರು ಮಾಡಿ. ಆಗೊಮ್ಮೆ ಈಗೊಮ್ಮೆ ಏದುಸಿರು ಬಿಟ್ಟರೆ ಅದು ಉಸಿರಾಟವಲ್ಲ.

2. 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ. ಹತ್ತಿರ ಎಇಡಿ ಯಂತ್ರವಿದ್ದರೆ ತರೋಕೆ ಒಬ್ಬರನ್ನು ಕಳಿಸಿ. ಅದನ್ನು ಆನ್ ಮಾಡಿದರೆ ಮುಂದೇನು ಅಂತ ಅದೇ ಹೇಳುತ್ತದೆ.

3. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ, ಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡ ಇಡಿ, ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ.

4. ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಪಂಪು ತುಂಬಿಕೊಳ್ಳದಿದ್ದರೆ ಏನನ್ನು ತಳ್ಳುತ್ತೆ?

5. ತರಬೇತಿ ಇದ್ದರೆ 30 ಒತ್ತಿಗೆ 2 ಉಸಿರು. ಇಲ್ಲದಿದ್ದರೆ ಬರೀ ಒತ್ತಿದರೂ ಸಾಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಪಕ್ಕೆಲುಬು ಮುರಿಯಬಹುದು. ಮುರಿದರೆ ಕೂಡಿಕೊಳ್ಳುತ್ತೆ, ಸತ್ತ ಮಿದುಳು ಕೂಡಿಕೊಳ್ಳಲ್ಲ.

ತುಂಗಭದ್ರೆಯ ದಡದ ಊರಿಗೆ ಇನ್ನೊಂದು ಮಾತು. ನೀರಲ್ಲಿ ಮುಳುಗಿದವರಿಗೆ ಮೊದಲ ಕೊರತೆ ಆಮ್ಲಜನಕ. ಹಾಗಾಗಿ ಗೊತ್ತಿರುವವರು ಮೊದಲು ಬಾಯಿಂದ ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು. ಹೊಟ್ಟೆ ಅಮುಕಿ ನೀರು ತೆಗೆಯುವುದು, ತಲೆಕೆಳಗು ಮಾಡುವುದು ಬೇಡ.

ಕೇಸ್ ಆಗುತ್ತಾ?

ಈ ಭಯವೇ ಎಷ್ಟೋ ಕೈಗಳನ್ನು ಕಟ್ಟಿಹಾಕಿದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಮಂಟಪದಲ್ಲೋ ಬಸ್ ಸ್ಟ್ಯಾಂಡಲ್ಲೋ ಕುಸಿದವರಿಗೆ ಆ ಕಲಂ ಅನ್ವಯಿಸಲ್ಲ. ಆದರೆ ಒಪ್ಪಿಗೆ ಕೊಡಲಾಗದ ವ್ಯಕ್ತಿಯ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂಬ ತತ್ವ ಹಳೆಯ ಐಪಿಸಿಯ 92ನೇ ಕಲಂನಲ್ಲೇ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ.

ಸರ್ಕಾರವನ್ನು ಕೇಳಬೇಕಾದ್ದು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದರು. ಅವರ ಹೆಸರಿನ ಹೃದಯಜ್ಯೋತಿ ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಒಳ್ಳೆಯ ಯೋಜನೆ. ಆದರೆ ಆ ಇಂಜೆಕ್ಷನ್ ಸಿಗೋದು ಆಸ್ಪತ್ರೆಯವರೆಗೆ ಜೀವ ಹಿಡಿದುಕೊಂಡು ಬಂದವರಿಗೆ.

ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ಡ್ರೈವಿಂಗ್ ಲೈಸೆನ್ಸ್‌ಗೆ ಇಂಥ ತರಬೇತಿ ಕಡ್ಡಾಯ ಮಾಡಿತು. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಪೈಕಿ ಸುಮಾರು ಶೇ. 21 ಮಂದಿಗೆ ಪಕ್ಕದಲ್ಲಿದ್ದವರು ಸಿಪಿಆರ್ ಮಾಡಿದ್ದರು. 2010ಕ್ಕೆ ಅದು ಶೇ. 45ರ ಹತ್ತಿರ ಹೋಯಿತು. 30 ದಿನ ದಾಟಿ ಬದುಕಿದವರು ಶೇ. 3.5ರಿಂದ ಶೇ. 10.8ಕ್ಕೇರಿದರು. ಇದಕ್ಕೆ ಸುಧಾರಿಸಿದ ಚಿಕಿತ್ಸೆಯೂ ಕಾರಣ, ಜನರ ಕೈಗಳೂ ಕಾರಣ.

ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಕಲಿಸುವವರಿಗೆ ಬರವಿಲ್ಲ. ಪ್ರತಿ ಹೈಸ್ಕೂಲಿಗೆ ವರ್ಷಕ್ಕೊಂದು ದಿನ, ಲೈಸೆನ್ಸ್‌ಗೆ ಬರುವವರಿಗೆ ಒಂದು ಗಂಟೆ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ಒಂದೊಂದು ಎಇಡಿ. ನಾವು ಕೇಳಬೇಕಿರುವುದು ಇಷ್ಟೇ.

ನಾನು ಆಮೇಲೆ ಕಲಿತೆ. ಗೊಂಬೆಯ ಎದೆ ಒತ್ತುವಾಗ ಎರಡೇ ನಿಮಿಷಕ್ಕೆ ಬೆವರು ಕಿತ್ತುಬಂತು. ಓದಿದ್ದು ಸಾಲಲ್ಲ, ಒಂದು ಸಲ ಕೈಯಾರೆ ಒತ್ತಿ ಕಲಿಯಿರಿ. ಮುಂದಿನ ಮದುವೆಯಲ್ಲಿ ಕಾರು ತರೋಕೆ ಯಾರಾದರೂ ಓಡ್ತಾರೆ. ನೀವು ಮಂಡಿಯೂರಿ.